"ಹೊರಡು" ಅಂತ ಒಂದು ವಾಕ್ಯ, "ಹೋಗಬೇಡ" ಅಂತ ಇನ್ನೊಂದು: ನಾನು ಯಾವುದನ್ನ ಹಿಡ್ಕೊಳ್ಳಲಿ?

ಪ್ರಶ್ನೆ: ಕರ್ತನ ನಾಮದಲ್ಲಿ ವಂದನೆಗಳು ಪಾಸ್ಟರ್. ನನಗೆ 31 ವರ್ಷ. ನಾಲ್ಕೈದು ವರ್ಷದಿಂದ ದಿನಾ ಬೆಳಗ್ಗೆ ಫೋನಲ್ಲಿ ಬರೋ ದಿನದ ವಾಕ್ಯ ಓದಿನೇ ಕೆಲಸಕ್ಕೆ ಹೋಗೋದು. ಮೊದಲೆಲ್ಲ ಒಂದೊಂದು ವಾಕ್ಯ ನನಗೋಸ್ಕರನೇ ಬರೆದ ಹಾಗಿರ್ತಿತ್ತು, ಕಣ್ಣಲ್ಲಿ ನೀರು ಬರ್ತಿತ್ತು. ಈಗ ಒಂದು ವರ್ಷದಿಂದ ಏನೂ ಅನಿಸ್ತಿಲ್ಲ. ಓದ್ತೀನಿ, ಸ್ಟೇಟಸ್‌ಗೆ ಹಾಕ್ತೀನಿ, ಮರೆತುಬಿಡ್ತೀನಿ. ಇದರ ಮಧ್ಯೆ ಬೇರೆ ಊರಲ್ಲಿ ಒಳ್ಳೆ ಕೆಲಸ ಸಿಕ್ಕಿದೆ, ಆದ್ರೆ ಅಮ್ಮನಿಗೆ ಹುಷಾರಿಲ್ಲ, ಜೊತೆಗಿರೋದು ನಾನೊಬ್ಬಳೇ. ಪ್ರಾರ್ಥನೆ ಮಾಡಿ ಕಣ್ಣು ಮುಚ್ಚಿ ಬೈಬಲ್ ತೆರೆದೆ, ಅಬ್ರಹಾಮನಿಗೆ ದೇವರು "ಸ್ವದೇಶ ಬಿಟ್ಟು ಹೊರಡು" ಅಂದಿದ್ದು ಬಂತು. ಖುಷಿಯಾಯ್ತು. ಗಟ್ಟಿ ಮಾಡ್ಕೊಳ್ಳೋಣ ಅಂತ ಮಾರನೇ ದಿನ ಮತ್ತೆ ತೆರೆದ್ರೆ "ಐಗುಪ್ತಕ್ಕೆ ಹೋಗಬೇಡ, ನಾನು ಹೇಳುವ ದೇಶದಲ್ಲೇ ಇರು" ಅನ್ನೋದು ಬಂತು. ದೇವರು ನನ್ನ ಹತ್ರ ಮಾತಾಡ್ತಿಲ್ವಾ, ಇಲ್ಲಾ ನನಗೇ ಕೇಳಿಸ್ಕೊಳ್ಳೋಕೆ ಬರ್ತಿಲ್ವಾ? ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡ್ಬೇಕು.

ಉತ್ತರ: ಸಹೋದರಿ, ನಿಮ್ಮ ಪ್ರಶ್ನೆ ಓದಿ ನನಗೆ ಮೊದಲು ನಗು ಬಂತು, ತಪ್ಪು ತಿಳ್ಕೋಬೇಡಿ, ಯಾಕಂದ್ರೆ ನೀವು ಇನ್ನೂ ಒಂದು ದಿನ ಕಣ್ಣು ಮುಚ್ಚಿ ತೆರೆದು, ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 46ನೇ ಅಧ್ಯಾಯ ಸಿಕ್ಕಿದ್ದಿದ್ರೆ ಅಲ್ಲಿ ಮೂರನೇ ಉತ್ತರ ಕಾಯ್ತಾ ಇತ್ತು. ಸ್ವಲ್ಪ ನೋಡಿ. 12ನೇ ಅಧ್ಯಾಯದಲ್ಲಿ ಅಬ್ರಾಮನಿಗೆ, ಆಗಿನ್ನೂ ಅವನು ಅಬ್ರಹಾಮ ಆಗಿರ್ಲಿಲ್ಲ, ದೇವರು ಹೊರಡು ಅಂತಾನೆ. 26ರಲ್ಲಿ ಅವನ ಮಗ ಇಸಾಕನ ಕಾಲಕ್ಕೆ ಬರಗಾಲ ಬರತ್ತೆ, ಊಟಕ್ಕಿಲ್ಲ, ಐಗುಪ್ತದಲ್ಲಿ, ಅಂದ್ರೆ ಈಜಿಪ್ಟಲ್ಲಿ, ಧಾನ್ಯ ಸಿಗತ್ತೆ ಅನ್ನೋ ಪರಿಸ್ಥಿತಿ, ಆಗ ದೇವರು ಐಗುಪ್ತಕ್ಕೆ ಹೋಗಬೇಡ ಅಂತಾನೆ. 46ರಲ್ಲಿ ಮೊಮ್ಮಗ ಯಾಕೋಬ, ಮುದುಕ, ಸತ್ತೇ ಹೋದ ಅಂದ್ಕೊಂಡಿದ್ದ ಮಗ ಯೋಸೇಫ ಐಗುಪ್ತದಲ್ಲಿ ಬದುಕಿದಾನೆ ಅಂತ ಗೊತ್ತಾಗಿ ಗಾಡಿ ಹತ್ತಿದಾನೆ, ಆದ್ರೂ ಒಳಗೊಳಗೇ ಭಯ, ಆಗ ರಾತ್ರಿ ದೇವರು ಐಗುಪ್ತಕ್ಕೆ ಹೋಗೋಕೆ ಹೆದರಬೇಡ ಅಂತಾನೆ. ಒಂದೇ ಮನೆ, ಮೂರು ತಲೆಮಾರು, ಒಂದೇ ದೇವರು, ಪ್ರಯಾಣದ ವಿಷಯದಲ್ಲಿ ಮೂರು ಬೇರೆ ಬೇರೆ ಮಾತು. ಇಸಾಕ ತನ್ನಪ್ಪನಿಗೆ ಬಂದ ವಾಕ್ಯ ಹಿಡ್ಕೊಂಡು ಹೊರಟಿದ್ರೆ ತಪ್ಪಾಗ್ತಿತ್ತು. ಯಾಕೋಬ ತನ್ನಪ್ಪನಿಗೆ ಬಂದ ವಾಕ್ಯ ಹಿಡ್ಕೊಂಡು ಕೂತಿದ್ರೆ ಮಗನ ಮುಖ ನೋಡದೇ ಸಾಯ್ತಿದ್ದ.

ಅಂದ್ಮೇಲೆ ಅಪ್ಪನಿಗೆ ಹೇಳಿದ್ದು ಮಗನಿಗೇ ಸಲ್ಲಲಿಲ್ಲ ಅಂದ್ರೆ, ಸಾವಿರಾರು ವರ್ಷದ ಮೇಲೆ ನಿಮ್ಮ ಆಫರ್ ಲೆಟರ್‌ಗೆ ಅದು ಹಾಗೇ ನೇರ ಸಲ್ಲತ್ತೆ ಅಂತ ಹೇಗೆ ಹೇಳೋದು? ಆದ್ರೆ ಈ ಮೂರೂ ಕಡೆ ಬದಲಾಗದ ಒಂದು ಮಾತಿದೆ, ಅದನ್ನ ಬೆರಳಿಟ್ಟು ಹುಡುಕಿ. ಅಬ್ರಾಮನಿಗೆ "ನಿನ್ನನ್ನ ಆಶೀರ್ವದಿಸ್ತೀನಿ", ಇಸಾಕನಿಗೆ "ನಿನ್ನ ಸಂಗಡ ಇರ್ತೀನಿ", ಯಾಕೋಬನಿಗೆ "ನಾನೇ ನಿನ್ನ ಜೊತೆ ಐಗುಪ್ತಕ್ಕೆ ಬರ್ತೀನಿ". ಹೋಗು, ಇರು ಅನ್ನೋದು ಅವರವರಿಗೆ ಸೇರಿದ್ದು. ಜೊತೆಗಿರ್ತೀನಿ ಅನ್ನೋದು ನಿಮಗೂ ಸೇರಿದ್ದು, ಯಾಕಂದ್ರೆ ಅದನ್ನೇ ಯೇಸು ಮತ್ತಾಯನ ಸುವಾರ್ತೆಯ ಕೊನೇ ವಚನದಲ್ಲಿ ತನ್ನ ಶಿಷ್ಯರೆಲ್ಲರಿಗೂ, ಯುಗದ ಸಮಾಪ್ತಿ ತನಕ ಅಂತ, ಮತ್ತೆ ಹೇಳ್ತಾನೆ. ನೀವು ಕಣ್ಣು ಮುಚ್ಚಿ ತೆರೆದ ಎರಡು ದಿನವೂ ಪುಟದಲ್ಲಿ ಇಂಥದ್ದೊಂದು ಮಾತು ಇತ್ತು, ನೀವು ಹುಡುಕ್ತಿದ್ದಿದ್ದು "ಹೋಗು" ಅಥವಾ "ಬೇಡ" ಮಾತ್ರ ಆದ್ರಿಂದ ಕಾಣಿಸಲಿಲ್ಲ ಅಷ್ಟೇ.

ಇಷ್ಟು ವರ್ಷ ಜನರ ಜೊತೆ ಕೂತು ವಾಕ್ಯ ಓದಿದ ಮೇಲೆ ನಾನು ಹೇಳೋದು ಒಂದೇ. ವಚನವನ್ನ ಅದರ ಮನೆಯಿಂದ ಕಿತ್ಕೊಂಡು ನಿಮ್ಮ ಮನೆಗೆ ತರಬೇಡಿ. ನೀವೇ ಎದ್ದು ಅದರ ಮನೆಗೆ ಹೋಗಿ. ಅದರ ಅಕ್ಕಪಕ್ಕ ಯಾವ ವಚನ ವಾಸ ಮಾಡ್ತಿದೆ, ಯಾರು ಯಾರಿಗೆ ಹೇಳ್ತಿದಾರೆ, ಆ ಮನೇಲಿ ಅವತ್ತು ಮದುವೆನಾ ಸಾವಾ, ಸ್ವಲ್ಪ ಕೂತು ನೋಡಿ. ಆಮೇಲೆ ಅದು ನಿಮ್ಮ ಜೊತೆ ತಾನಾಗೇ ಬರತ್ತೆ.

ಅಂದಹಾಗೆ ವಚನಕ್ಕೆ ಈ ನಂಬರ್ ಹಾಕಿದ್ದು ಮೋಶೆನೂ ಅಲ್ಲ, ಸಭೆಗಳಿಗೆ ಪತ್ರ ಬರೆದ ಪೌಲನೂ ಅಲ್ಲ. ಈಗ ನಾವು ಬಳಸೋ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಶುರುವಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಪಂಡಿತರದ್ದು. ಹೊಸ ಒಡಂಬಡಿಕೆಯ ವಚನ ಸಂಖ್ಯೆ ಅದಕ್ಕಿಂತ ಈಚಿನದು, ರಾಬರ್ಟ್ ಎತಿಯೆನ್ ಅನ್ನೋ ಫ್ರೆಂಚ್ ಮುದ್ರಕ 1551ರಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕುವಾಗ ಸೇರಿಸಿದ್ದು. ಪ್ಯಾರಿಸ್‌ನಿಂದ ಲಿಯೋನ್‌ಗೆ ಹೋಗೋ ಪ್ರಯಾಣದಲ್ಲೇ ಅಪ್ಪ ಆ ಕೆಲಸ ಮಾಡಿದ್ದು ಅಂತ ಅವರ ಮಗನೇ ಬರೆದಿದಾನೆ, ಕೆಲವು ಕಡೆ ವಾಕ್ಯದ ಮಧ್ಯಕ್ಕೇ ಕತ್ತರಿ ಬಿದ್ದಿರೋದು ನೋಡಿದ್ರೆ ಕುದುರೆ ಕುಲುಕಿದಾಗ ಪೆನ್ನು ಜಾರಿರ್ಬೇಕು ಅಂತ ಓದೋರು ತಮಾಷೆ ಮಾಡ್ತಾರೆ. ವಾಕ್ಯ ಹುಡುಕೋಕೆ ನಂಬರ್ ತುಂಬಾ ಅನುಕೂಲ, ಬೇಡ ಅಂತ ಯಾರೂ ಹೇಳಲ್ಲ. ಆದ್ರೆ ಪೌಲನ ಪತ್ರ ಫಿಲಿಪ್ಪಿ ಅನ್ನೋ ಊರಿನ ಸಭೆಗೆ ಬಂದಾಗ ಅಲ್ಲಿದ್ದೋರು 4:13 ಓದಿ ಮಡಚಿಡಲಿಲ್ಲ, ಒಬ್ಬ ಜೋರಾಗಿ ಓದಿದ, ಉಳಿದೋರು ಕೂತು ಕೊನೇ ತನಕ ಕೇಳಿದ್ರು. ಇಡೀ ಪತ್ರ ಓದೋಕೆ ಕಾಲು ಗಂಟೆ ಸಾಕು, ಬೇಕಾದ್ರೆ ಟೈಮ್ ಇಟ್ಟು ನೋಡಿ.

ಆ 4:13 ಎಲ್ಲರ ಬಾಯಲ್ಲಿರೋದು, "ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ". ಪರೀಕ್ಷೆಗೆ ಹೋಗೋರು, ಮ್ಯಾಚ್ ಆಡೋರು, ಇಂಟರ್‌ವ್ಯೂಗೆ ಹೋಗೋರು ಎಲ್ಲ ಇದನ್ನೇ ಹೇಳ್ಕೋತಾರೆ. ಪಕ್ಕದ ಮನೆ ನೋಡಿ, 12ನೇ ವಚನ. ಹೊಟ್ಟೆ ತುಂಬಿದಾಗಲೂ ಇರಬಲ್ಲೆ, ಹಸಿದಾಗಲೂ ಇರಬಲ್ಲೆ, ಸಮೃದ್ಧಿಯಲ್ಲೂ ಕೊರತೆಯಲ್ಲೂ ಇರೋದನ್ನ ಕಲ್ತಿದೀನಿ ಅಂತಿದಾನೆ ಬೇಡಿ ಹಾಕಿಸ್ಕೊಂಡ ಮನುಷ್ಯ. ಎಲ್ಲಕ್ಕೂ ಶಕ್ತ ಅಂದ್ರೆ ಗೆಲ್ತೀನಿ ಅಂತಲ್ಲ ಕಣ್ರೀ, ಸೋತ್ರೂ ಮುರಿಯಲ್ಲ ಅಂತ. ನೆನಪಿರ್ಲಿ, ಈ ಪತ್ರಕ್ಕೆ ಆಮೇಲೆ ವಾಪಸ್ ಬರ್ತೀನಿ.

ಇನ್ನು ಯೆರೆಮೀಯ 29:11. ನಿಮ್ಮ ಸ್ಟೇಟಸ್‌ನಲ್ಲೂ ಇದು ಬಂದೇ ಬಂದಿರತ್ತೆ, ಬೆಟ್ಟದ ಮೇಲೆ ಸೂರ್ಯ ಹುಟ್ಟೋ ಫೋಟೋ ಜೊತೆ. "ಅವು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ". ಇದು ಯೆರೆಮೀಯ ಅನ್ನೋ ಪ್ರವಾದಿ ಸೆರೆಹೋದವರಿಗೆ ಬರೆದ ಒಂದು ಪತ್ರದ ಒಂದು ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನ, ಅಧಿಕಾರಿಗಳನ್ನ, ಬಡಗಿ ಕಮ್ಮಾರರನ್ನ ಎಲ್ಲ ಸೆರೆ ಹಿಡ್ಕೊಂಡು ಹೋದ. ಅಲ್ಲಿ ಪರದೇಶದಲ್ಲಿ ಕೂತೋರಿಗೆ ಒಂದೇ ಯೋಚನೆ, ಊರಿಗೆ ಯಾವಾಗ? ಇತ್ತ ಯೆರೂಸಲೇಮಲ್ಲಿ ಹನನ್ಯ ಅನ್ನೋ ಪ್ರವಾದಿ ಎರಡೇ ವರ್ಷ, ಎಲ್ಲ ವಾಪಸ್ ಬರತ್ತೆ ಅಂತ ದೇವಾಲಯದಲ್ಲಿ ಎಲ್ಲರೆದುರು ಘೋಷಣೆ ಮಾಡಿ, ಬಾಬೆಲಿಗೆ ತಲೆಬಾಗಬೇಕು ಅನ್ನೋ ಗುರುತಿಗೆ ಯೆರೆಮೀಯ ಕುತ್ತಿಗೆಗೆ ಹಾಕ್ಕೊಂಡಿದ್ದ ನೊಗ ಕಿತ್ತು ಮುರಿದೇಬಿಟ್ಟ. ಅವತ್ತು ಪ್ರೋತ್ಸಾಹದ ವಾಕ್ಯ ಅಂತ ಜನ ಹಂಚಿಕೊಂಡಿದ್ರೆ ಹನನ್ಯನದ್ದೇ ಹಂಚ್ಕೋತಿದ್ರು, ನನಗಂತೂ ಅನುಮಾನ ಇಲ್ಲ. ಆದ್ರೆ ಅದು ಸುಳ್ಳಾಗಿತ್ತು. ಯೆರೆಮೀಯ ಬರೆದ ಪತ್ರದಲ್ಲಿ ಇರೋದು ಎಪ್ಪತ್ತು ವರ್ಷ, ಅದೂ ಯಾವ ವಚನದಲ್ಲಿ ಅಂದ್ರೆ 29:10ರಲ್ಲಿ, ನಮ್ಮ ಪ್ರೀತಿಯ 11ಕ್ಕೆ ಗೋಡೆ ಹಂಚ್ಕೊಂಡಿರೋ ಮನೆ. ಪತ್ರ ಓದಿಸ್ಕೊಂಡವರಲ್ಲಿ ನಡುವಯಸ್ಸಿನವರು ಬೆರಳೆಣಿಸಿ ನೋಡ್ಕೊಂಡಿರ್ತಾರೆ, ನಾನಂತೂ ಊರು ನೋಡಲ್ಲ ಅಂತ.

ಅಂಥವರಿಗೆ ದೇವರು ಏನು ಮಾಡಿ ಅಂದ? 5ನೇ ವಚನದಿಂದ ಓದಿ. ಮನೆ ಕಟ್ಕೊಳ್ಳಿ, ವಾಸ ಮಾಡಿ, ತೋಟ ಹಾಕಿ, ಅದರ ಫಲ ತಿನ್ನಿ, ಮದುವೆ ಮಾಡ್ಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿ, ನೀವಿರೋ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ. ಶತ್ರುವಿನ ಪಟ್ಟಣಕ್ಕೆ! ಇನ್ನೊಂದು ಸೂಕ್ಷ್ಮ ಇದೆ, ಕನ್ನಡ ಓದೋರಿಗೆ ಸುಲಭವಾಗಿ ತಪ್ಪಿಹೋಗತ್ತೆ. "ನಿಮ್ಮ ವಿಷಯದಲ್ಲಿ" ಅಂತ ಓದಿದಾಗ ನಮಗೆ ಅದು ಮರ್ಯಾದೆಯ ಬಹುವಚನ ಅನಿಸತ್ತೆ, ದೇವರು ನನ್ನೊಬ್ಬಳಿಗೇ ಹೇಳಿದ ಹಾಗೆ. ಆದ್ರೆ ಕನ್ನಡ ಸತ್ಯವೇದದಲ್ಲಿ ದೇವರು ಒಬ್ಬರ ಹತ್ರ ಮಾತಾಡಿದ್ರೆ "ನೀನು" ಅಂತಲೇ ಅನ್ನೋದು, ರಾಜನಾದ್ರೂ ಅಷ್ಟೇ. "ನಿಮ್ಮ" ಅಂತ ಬಂದ್ರೆ ಅದು ಗುಂಪಿಗೆ. ಮೂಲ ಹೀಬ್ರೂನಲ್ಲೂ ಅದು ಬಹುವಚನವೇ. ಹಾಗಾದ್ರೆ ಈ ವಾಕ್ಯ ನಮಗಲ್ವಾ? ನಮಗೂ ಹೌದು, ಆದ್ರೆ ದೇವರು ತನ್ನ ಜನರನ್ನ ಮರೆಯಲ್ಲ, ಅವನ ಒಳ್ಳೇದು ನನ್ನ ಕ್ಯಾಲೆಂಡರಿಗಿಂತ ದೊಡ್ಡದು ಅನ್ನೋ ಅರ್ಥದಲ್ಲಿ. ಈ ತಿಂಗಳೇ ಪ್ರಮೋಷನ್ ಅನ್ನೋ ಅರ್ಥದಲ್ಲಿ ಅಲ್ಲ. ನನ್ನ ಕೇಳಿದ್ರೆ ಈ ಎರಡನೇ ಓದು ಸಿಹಿ ಕಮ್ಮಿ ಇರ್ಬಹುದು, ಆದ್ರೆ ಆಸ್ಪತ್ರೆ ಕಾರಿಡಾರಲ್ಲಿ ನಿಂತಾಗಲೂ ನಿಲ್ಲತ್ತೆ.

ದಿನಕ್ಕೊಂದು ವಾಕ್ಯ ಓದೋದೇ ತಪ್ಪು ಅಂತ ನಾನು ಹೇಳ್ತಿದೀನಿ ಅಂದ್ಕೋಬೇಡಿ. ಫೋನ್ ಹುಟ್ಟೋಕೆ ಎಷ್ಟೋ ಮೊದಲೇ ಈ ಅಭ್ಯಾಸ ಇತ್ತು. ಜರ್ಮನಿಯ ಹೆರ್ನ್‌ಹೂಟ್ ಅನ್ನೋ ಸಣ್ಣ ಊರಲ್ಲಿ ಮೊರಾವಿಯನ್ ವಿಶ್ವಾಸಿಗಳು, ಹಿಂಸೆ ತಾಳಲಾರದೆ ಓಡಿಬಂದು ನೆಲೆಸಿದೋರು, ಅವರಿಗೆ 1728ರ ಮೇ 3ರ ಸಂಜೆ ಅವರ ಮುಖಂಡ ಕೌಂಟ್ ಜಿನ್ಜೆನ್‌ಡಾರ್ಫ್ ಮಾರನೇ ದಿನಕ್ಕೆ ಅಂತ ಒಂದು ಮಾತು ಕೊಟ್ಟ. ಆಮೇಲೆ ದಿನಾ ಒಬ್ಬರು ಮನೆಮನೆಗೆ ಹೋಗಿ ಅವತ್ತಿನ ಮಾತು ಹೇಳಿ ಬರೋರು, ಹೇಗಿದೀರಿ ಅಂತಾನೂ ವಿಚಾರಿಸೋರು. 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗ್ತಾ ಬಂದಿದೆ, ಈಗ 50ಕ್ಕೂ ಹೆಚ್ಚು ಭಾಷೆಯಲ್ಲಿ ಸಿಗತ್ತೆ. ಹಳೆ ಒಡಂಬಡಿಕೆಯ ಸುಮಾರು 1,800 ವಚನಗಳಿಂದ ಚೀಟಿ ಎತ್ತಿ ದಿನಕ್ಕೊಂದು ಆರಿಸ್ತಾರೆ, ಅದಕ್ಕೆ ಹೊಂದೋ ಹೊಸ ಒಡಂಬಡಿಕೆಯ ವಚನವನ್ನ ಮಾತ್ರ ಯೋಚನೆ ಮಾಡಿ ಜೋಡಿಸ್ತಾರೆ. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟಿದ್ದು ಇನ್ನೊಂದಿದೆ. ಅದೇ ಜನ ಹಿಂದೆ ದೊಡ್ಡ ದೊಡ್ಡ ತೀರ್ಮಾನಕ್ಕೂ ಚೀಟಿ ಎತ್ತೋರು, ಮದುವೆಗೂ ಕೂಡ. 19ನೇ ಶತಮಾನದಲ್ಲಿ ಆ ಪದ್ಧತಿ ಕೈಬಿಟ್ರು. ಓದಿ ಪ್ರಾರ್ಥನೆ ಮಾಡೋಕೆ ಚೀಟಿ ಎತ್ತೋದು ಉಳೀತು, ಜೀವನದ ತೀರ್ಮಾನಕ್ಕೆ ಚೀಟಿ ಎತ್ತೋದು ನಿಂತುಹೋಯ್ತು. ಅನುಭವಸ್ಥರ ಮಾತು ಅಂತ ಇಟ್ಕೊಳ್ಳಿ.

ಈಗ ಆ "ಏನೂ ಅನಿಸ್ತಿಲ್ಲ" ಅನ್ನೋದಕ್ಕೆ ಬರ್ತೀನಿ, ನನಗೆ ಕೆಲಸದ ಪ್ರಶ್ನೆಗಿಂತ ಇದೇ ಮುಖ್ಯ ಅನಿಸ್ತು.

ಮೊದಲು ಓದೋ ರೀತಿ. ಕೀರ್ತನೆ 1ರಲ್ಲಿ ದೇವರ ಧರ್ಮಶಾಸ್ತ್ರವನ್ನ ಹಗಲಿರುಳು ಧ್ಯಾನಿಸೋನು ಧನ್ಯ ಅಂತಿದೆಯಲ್ಲ, ಧ್ಯಾನ ಅಂದ ಕೂಡಲೇ ನಮಗೆ ಕಣ್ಣು ಮುಚ್ಚಿ ಸದ್ದಿಲ್ಲದೆ ಕೂತ ಚಿತ್ರ ಬರತ್ತೆ. ಅಲ್ಲಿರೋ ಹೀಬ್ರೂ ಪದ "ಹಾಗಾ" ಅಂತ. ಅದು ಸದ್ದಿನ ಪದ. ಯೆಶಾಯ 31:4ರಲ್ಲಿ ಸಿಂಹ ತಾನು ಹಿಡಿದ ಬೇಟೆ ಮೇಲೆ ಗುರುಗುಟ್ಟೋದಕ್ಕೆ ಇದೇ ಪದ, 38:14ರಲ್ಲಿ ಕಾಯಿಲೆ ಬಿದ್ದ ರಾಜ ಹಿಜ್ಕೀಯ ಪಾರಿವಾಳದ ಹಾಗೆ ನರಳೋದಕ್ಕೂ ಇದೇ ಪದ. ಸಿಂಹ ಮೂಳೆ ಬಿಡತ್ತಾ? ಕಚ್ಚಿ, ಗುರ್ ಅಂದು, ಮತ್ತೆ ಕಚ್ಚಿ. ಹಾಗೆ ವಾಕ್ಯವನ್ನ ಬಾಯಲ್ಲಿಟ್ಕೊಂಡು ಗುಣುಗೋದು ಧ್ಯಾನ. ನೀವು ಒಂದು ವರ್ಷದಲ್ಲಿ 365 ವಾಕ್ಯ ನೋಡಿದೀರಿ, ಒಂದನ್ನೂ ಅಗಿದಿಲ್ಲ. ನೋಡಿದ್ದು ಕಣ್ಣು, ಹಂಚಿದ್ದು ಬೆರಳು, ಬಾಯಿಗೆ ಏನೂ ಸಿಗಲಿಲ್ಲ, ಪಾಪ. ಬೈತಿಲ್ಲ, ನನಗೂ ಹೀಗೇ ಆಗಿದೆ, ಪ್ರಸಂಗಕ್ಕೆ ವಾಕ್ಯ ಹುಡುಕಿ ಹುಡುಕಿ ನನಗೇ ಅಂತ ಒಂದು ವಾಕ್ಯ ಇಲ್ಲದೆ ತಿಂಗಳುಗಟ್ಟಲೆ ಕಳೆದಿದೀನಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ, ಎಲ್ಲರಿಗೂ ಬಾಯಿಪಾಠ ಇರೋ ಕೀರ್ತನೆ 23. ಆರೇ ವಚನ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಮೂರನೇ ವಚನದ ತನಕ ದಾವೀದ ದೇವರ ಬಗ್ಗೆ ನಮಗೆ ಹೇಳ್ತಾನೆ, ಆತನು ಹಸುರುಗಾವಲಲ್ಲಿ ಮಲಗಿಸ್ತಾನೆ, ಆತನು ನೀರಿನ ಹತ್ರ ಕರ್ಕೊಂಡು ಹೋಗ್ತಾನೆ, ಆತನು, ಆತನು. ನಾಲ್ಕನೇ ವಚನದಲ್ಲಿ ದಾರಿ ಕತ್ತಲ ಕಣಿವೆಗೆ ಇಳಿಯತ್ತೆ. ಅಲ್ಲಿ ನೋಡಿ, "ಆತನು" ಹೋಗಿ "ನೀನು" ಆಗತ್ತೆ. ನೀನು ಹತ್ತಿರ ಇದೀಯ, ನಿನ್ನ ದೊಣ್ಣೆ, ನಿನ್ನ ಕೋಲು. ಹುಲ್ಲುಗಾವಲಲ್ಲಿದ್ದಾಗ ದೇವರ ಬಗ್ಗೆ ಮಾತಾಡ್ತಿದ್ದೋನು ಕತ್ತಲಾದ ತಕ್ಷಣ ದೇವರ ಹತ್ರನೇ ಮಾತಾಡೋಕೆ ಶುರು ಮಾಡ್ತಾನೆ, ಮಗು ರಾತ್ರಿ ಕರೆಂಟ್ ಹೋದಾಗ ಅಮ್ಮನ ಕೈ ಹುಡುಕೋ ಥರ. ಇದು ನನಗೆ ಗೊತ್ತಾಗಿದ್ದು ಈ ಕೀರ್ತನೆಯನ್ನ ಎಷ್ಟೋ ನೂರು ಸಲ ಓದಿಯಾದ ಮೇಲೆ, ಯಾರದೋ ಹಾಸಿಗೆ ಪಕ್ಕ ನಿಧಾನ ಓದ್ತಾ ಇದ್ದಾಗ. ದಿನಕ್ಕೊಂದು ಹೊಸದು ಓದಿದ್ರೆ ಇಂಥದ್ದು ಕೈಗೆ ಸಿಗಲ್ಲ. ಅದಕ್ಕೇ ಹೇಳ್ತೀನಿ, ಒಂದು ವಾರಕ್ಕೆ ಒಂದೇ ಕೀರ್ತನೆ ಇಟ್ಕೊಳ್ಳಿ. ಬೆಳಗ್ಗೆ ಜೋರಾಗಿ ಓದಿ, ಒಂದು ಸಾಲು ಕೈಬರಹದಲ್ಲಿ ಬರ್ಕೊಳ್ಳಿ, ಪಾತ್ರೆ ತೊಳೀತಾ, ಬಸ್ಸಲ್ಲಿ ನಿಂತು ಅದನ್ನೇ ಗುಣುಗಿ. ಬೋರ್ ಆಗತ್ತೆ, ಮೂರನೇ ದಿನ ಪಕ್ಕಾ ಬೋರ್ ಆಗತ್ತೆ. ಬಿಡಬೇಡಿ, ಸಾಮಾನ್ಯವಾಗಿ ಅದರ ಆಚೆಗೇ ಏನಾದ್ರೂ ಕಾಣಿಸೋದು.

ಎರಡನೇದು, ಬಂದಿರೋ ವಾಕ್ಯಗಳೆಲ್ಲ ಒಂದೇ ಬಣ್ಣದ್ದಾ ಅಂತ ನೋಡಿ. ಫೋನಿಗೆ ಬರೋದರಲ್ಲಿ ಸಿಹಿನೇ ಜಾಸ್ತಿ. ಕೀರ್ತನೆ 88 ಯಾರಾದ್ರೂ ನಿಮಗೆ ಫಾರ್ವರ್ಡ್ ಮಾಡಿದಾರಾ? ಅದು ಕತ್ತಲೆ ಅನ್ನೋ ಪದದಲ್ಲೇ ಮುಗಿಯತ್ತೆ, ಕೊನೇಲಿ ಸ್ತೋತ್ರನೂ ಇಲ್ಲ, ಸಮಾಧಾನನೂ ಇಲ್ಲ. ಆದ್ರೂ ಅದು ದೇವರ ವಾಕ್ಯದಲ್ಲಿದೆ, ಅಂದ್ರೆ ಅಂಥ ದಿನ ನಾವು ಆಡೋ ಮಾತನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಕೊಂಡಿದಾನೆ. ನಿಮಗೆ ಮನಸ್ಸು ಒಣಗಿದೆ ಅಂದ್ರೆ ಸಂತೋಷದ ವಾಕ್ಯವನ್ನ ಒತ್ತಾಯವಾಗಿ ನುಂಗೋ ಬದಲು ಕೀರ್ತನೆ 13 ಓದಿ, "ಎಷ್ಟರವರೆಗೆ" ಅಂತ ಅದನ್ನ ಬರೆದೋನು ನಾಲ್ಕು ಸಲ ಕೇಳ್ತಾನೆ. "ಬೆಳಬೆಳಗ್ಗೆ ಹೊಸಹೊಸದಾಗಿ ಒದಗೋ ಕೃಪೆ" ಅಂತ ನಾವು ಹಾಡೋ ಮಾತು ಎಲ್ಲಿದೆ ಅಂದ್ರೆ ಪ್ರಲಾಪಗಳು 3ರಲ್ಲಿ, ಊರು ಸುಟ್ಟುಹೋದ ಮೇಲೆ ಅಳ್ತಾ ಬರೆದ ಐದು ಅಧ್ಯಾಯದ ನಟ್ಟನಡುವೆ. ಮುಂದೆನೂ ಅಳು, ಹಿಂದೆನೂ ಅಳು.

ಮೂರನೇದು ಸ್ವಲ್ಪ ಬೇರೆ ಥರ. ನೀವು ನಿದ್ದೆ ಹೇಗೆ ಮಾಡ್ತಿದೀರಿ? ಅಮ್ಮನ್ನ ನೋಡ್ಕೊಳ್ಳೋದು, ಆಫೀಸು, ಒಬ್ಬಳೇ. 1 ಅರಸುಗಳು 19ರಲ್ಲಿ ಎಲೀಯ ಅನ್ನೋ ಪ್ರವಾದಿ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ದೇವರೇ, ನನ್ನ ಪ್ರಾಣ ತೊಗೋ ಅಂತಾನೆ. ಹಿಂದಿನ ಅಧ್ಯಾಯದಲ್ಲೇ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದಿದ್ದನ್ನ ಕಣ್ಣಾರೆ ನೋಡಿದ ಮನುಷ್ಯ. ದೇವದೂತ ಬಂದು ಒಂದು ವಾಗ್ದಾನದ ವಾಕ್ಯ ಹೇಳಿದ್ನಾ? ಇಲ್ಲ. ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದ, ಆಗಲೂ ಉಪದೇಶ ಇಲ್ಲ, ಊಟ ಮಾಡು, ದಾರಿ ದೂರ ಇದೆ ಅಂದ. ದೇವರ ಮೆಲ್ಲನೆಯ ಸ್ವರ ಕೇಳಿಸಿದ್ದು ಅದಾಗಿ ನಲವತ್ತು ದಿನದ ಮೇಲೆ. ಹಾಗಾಗಿ ಒಂದು ವರ್ಷದಿಂದ ವಾಕ್ಯ ಅಷ್ಟೇ ಅಲ್ಲ, ಬೇರೆ ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಇಲ್ಲ, ಸುಮ್ಸುಮ್ನೆ ಅಳು ಬರತ್ತೆ ಅನ್ನೋದಾದ್ರೆ ದಯವಿಟ್ಟು ಡಾಕ್ಟರ್ ಹತ್ರ ಹೋಗಿ. ಅದನ್ನ ಅಪನಂಬಿಕೆ ಅಂತ ಯಾರಾದ್ರೂ ಅಂದ್ರೆ ಎಲೀಯನ ರೊಟ್ಟಿ ತೋರಿಸಿ.

ಈಗ ದಾರಿ ಕೇಳೋ ವಿಷಯ. "ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ", ಕೀರ್ತನೆ 119:105. ನಾವಿದನ್ನ ಕಾರಿನ ಹೆಡ್‌ಲೈಟ್ ಥರ ಓದ್ತೀವಿ. ಆ ಕಾಲದ ದೀಪ ಅಂಗೈಯಗಲದ ಮಣ್ಣಿನ ಹಣತೆ, ಒಂದು ಬತ್ತಿ, ಒಂದಿಷ್ಟು ಎಣ್ಣೆ. ಹಿಡ್ಕೊಂಡು ನಡೆದ್ರೆ ಮುಂದಿನ ಹೆಜ್ಜೆಯ ಕಲ್ಲು ಕಾಣತ್ತೆ, ಊರ ಬಾಗಿಲು ಕಾಣಲ್ಲ. ನೀವು ಕೇಳ್ತಿರೋದು ಐದು ವರ್ಷದ ಆಚೆಗೇನಿದೆ ಅಂತ, ಹಣತೆ ತೋರಿಸೋದು ನಾಳೆ ಏನು ಮಾಡ್ಬೇಕು ಅನ್ನೋದನ್ನ.

ನಿಮ್ಮ ವಿಷಯದಲ್ಲಿ ಆ ಬೆಳಕು ಎಲ್ಲಿ ಬೀಳ್ತಿದೆ ಅಂದ್ರೆ, ನನ್ನ ಕಣ್ಣಿಗೆ, ಅಮ್ಮನ ಮೇಲೆ. ಮಾರ್ಕ 7ರಲ್ಲಿ ಯೇಸು ಕೆಲವರನ್ನ ಖಾರವಾಗಿ ತರಾಟೆಗೆ ತಗೋತಾನೆ, ಅವರು ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನ "ಕೊರ್ಬಾನ್", ಅಂದ್ರೆ ದೇವರಿಗೆ ಮೀಸಲು ಅಂತ ಹೇಳಿ ಕೈ ತೊಳ್ಕೋತಿದ್ರು. ದೇವರ ಹೆಸರಲ್ಲೇ ದೇವರ ಆಜ್ಞೆ ತಪ್ಪಿಸೋದು. 1 ತಿಮೊಥೆಯ 5:4ರಲ್ಲಿ ಪೌಲ ಹೆತ್ತವರ ಋಣ ತೀರಿಸೋದು ಮೊದಲು ಮನೆಯಲ್ಲೇ ಕಲೀರಿ ಅಂತಾನೆ. ಇಷ್ಟು ಕೇಳಿ ಹಾಗಾದ್ರೆ ಹೋಗಬಾರದು ಅಂತ ತೀರ್ಮಾನ ಮಾಡ್ಬೇಡಿ, ಯೋಹಾನ 19ನ್ನೂ ಓದಿ. ಶಿಲುಬೆ ಮೇಲೆ, ಉಸಿರಾಡೋದೇ ಕಷ್ಟ ಆಗಿರೋ ಹೊತ್ತಲ್ಲಿ, ಯೇಸು ತನ್ನ ತಾಯಿಯನ್ನ ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸ್ತಾನೆ, ಆ ಶಿಷ್ಯ ಅವತ್ತಿಂದಲೇ ಆಕೆಯನ್ನ ತನ್ನ ಮನೆಗೆ ಕರ್ಕೊಂಡು ಹೋಗ್ತಾನೆ. ಯೇಸು ತಾಯಿ ಪಕ್ಕದಲ್ಲೇ ಉಳಿಯೋಕಾಗ್ಲಿಲ್ಲ, ಆದ್ರೆ ಯಾರು ನೋಡ್ಕೋತಾರೆ ಅನ್ನೋದನ್ನ ಇಂಥವನೇ ಅಂತ ಗೊತ್ತುಮಾಡಿ ಹೋದ. ಇದು ನಿಮ್ಮ ಹಣತೆ. ಅಮ್ಮನಿಗೆ ವ್ಯವಸ್ಥೆ ಏನು, ಯಾರು, ಎಷ್ಟು ಗಂಟೆಗೆ ಮಾತ್ರೆ ಕೊಡ್ತಾರೆ, ರಾತ್ರಿ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಫೋನ್, ಇಲ್ಲಾ ಅಮ್ಮನ್ನೇ ಕರ್ಕೊಂಡು ಹೋಗಬಹುದಾ. ಇದಕ್ಕೆ ಉತ್ತರ ಸಿಕ್ಕಿದ್ರೆ ಹೋಗೋದು ತಪ್ಪಲ್ಲ, ಸಿಗದಿದ್ರೆ "ಹೊರಡು" ಅನ್ನೋ ವಚನ ಹತ್ತು ಸಲ ಬಂದ್ರೂ ಯೋಚನೆ ಮಾಡ್ಬೇಕು. ಅಮ್ಮನ್ನ ಕೇಳಿದ್ರಾ? ನಿಮ್ಮ ಪತ್ರದಲ್ಲಿ ಅಮ್ಮನ ಅಭಿಪ್ರಾಯ ಒಂದು ಸಾಲೂ ಇಲ್ಲ, ಅದಕ್ಕೇ ಕೇಳ್ತಿದೀನಿ.

ಉಳಿದಿದ್ದಕ್ಕೆ ಯಾಕೋಬನ ಪತ್ರದ 1:5 ಇದೆ (ಮೇಲೆ ಹೇಳಿದ ಮೊಮ್ಮಗ ಯಾಕೋಬ ಅಲ್ಲ, ಇವನು ಹೊಸ ಒಡಂಬಡಿಕೆಯವನು), ಜ್ಞಾನ ಕಮ್ಮಿ ಇದ್ರೆ ಕೇಳ್ಕೊಳ್ಳಿ ದೇವರು ಹಂಗಿಸದೆ ಕೊಡ್ತಾನೆ ಅಂತ. ಜ್ಞಾನ ಕೊಡ್ತೀನಿ ಅಂದಿದಾನೆ, ರೆಡಿಮೇಡ್ ಉತ್ತರ ಕೊಡ್ತೀನಿ ಅಂದಿಲ್ಲ ಅನ್ನೋದನ್ನ ಗಮನಿಸಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನಂಥ ಪೌಲನಿಗೇ ಆಸ್ಯ ಸೀಮೆಯಲ್ಲಿ ತಡೆ, ಬಿಥೂನ್ಯಕ್ಕೆ ಹೋಗೋಣ ಅಂದ್ರೆ ಅಲ್ಲೂ ತಡೆ, ಆಮೇಲೆ ತ್ರೋವದಲ್ಲಿ ರಾತ್ರಿ ಮಕೆದೋನ್ಯದವನೊಬ್ಬ ಬಾ ಅಂತ ಕರೆಯೋ ದರ್ಶನ. ಆಗಲೂ ಅವನೊಬ್ಬನೇ ಎದ್ದು ಹೋಗಲಿಲ್ಲ, "ನಾವು" ನಿಶ್ಚಯಿಸಿಕೊಂಡೆವು ಅಂತಿದೆ 10ನೇ ವಚನದಲ್ಲಿ. ಕೂತು ಮಾತಾಡಿದಾರೆ. ಹೋದ ಊರು ಯಾವುದು ಗೊತ್ತಾ, ಫಿಲಿಪ್ಪಿ. ಅಲ್ಲಿ ಆಗಿದ್ದೇನು? ಬಟ್ಟೆ ಹರಿದು ಹೊಡೆದ್ರು, ಜೈಲಿಗೆ ಹಾಕಿ ಕಾಲಿಗೆ ಕೋಳ ತೊಡಿಸಿದ್ರು. ದೇವರ ದಾರಿ ಸರಿಯಾಗಿ ಹಿಡಿದ್ರೆ ಎಲ್ಲ ಸಲೀಸಾಗಿ ಹೋಗತ್ತೆ, ಅಡ್ಡಿ ಬಂದ್ರೆ ದಾರಿ ತಪ್ಪು ಅನ್ನೋ ಲೆಕ್ಕ ಇಲ್ಲಿ ಬಿದ್ದುಹೋಗತ್ತೆ. ಅದೇ ಊರಿನ ಸಭೆಗೇ ಮುಂದೆ ಇನ್ನೊಂದು ಸೆರೆಯಿಂದ ಅವನು ಬರೆದಿದ್ದು ಆ "ಎಲ್ಲಕ್ಕೂ ಶಕ್ತ" ಪತ್ರ. ಅವರಿಗೆ ಅದು ಪೋಸ್ಟರ್ ಸಾಲಾಗಿರಲಿಲ್ಲ, ಈ ಮನುಷ್ಯ ನಮ್ಮೂರ ಜೈಲಲ್ಲಿ ಮಧ್ಯರಾತ್ರಿ ಹಾಡಿದ್ದು ಅವರಿಗೆ ಗೊತ್ತಿತ್ತು.

ಒಂದು ತಪ್ಪು ಒಪ್ಕೋಬೇಕು. ನಾನು ಸಭೆಯ ಕೆಲಸ ಶುರು ಮಾಡಿದ ಹೊಸತರಲ್ಲಿ, ಸಣ್ಣ ಮಗುವನ್ನ ಕಳ್ಕೊಂಡ ಒಂದು ಮನೆಗೆ ಹೋಗಿ ಬಾಗಿಲಲ್ಲೇ ರೋಮಾಪುರದವರಿಗೆ 8:28 ಹೇಳಿದೆ, ದೇವರನ್ನ ಪ್ರೀತಿಸೋರಿಗೆ ಎಲ್ಲವೂ ಹಿತಕ್ಕಾಗಿ ಅನುಕೂಲ ಆಗತ್ತೆ ಅಂತ. ಮಗುವಿನ ಅಜ್ಜಿ ನನ್ನ ಮುಖ ನೋಡಿ, ಒಂದೂ ಮಾತಾಡದೆ ಎದ್ದು ಒಳಗೆ ಹೋದ್ರು. ವಾಕ್ಯ ಸತ್ಯವೇ, ಅದನ್ನ ಕಲ್ಲಿನ ಹಾಗೆ ಎಸೆದಿದ್ದು ನಾನು. ಆ ವಚನದ ಮನೆಗೆ ಆಮೇಲೆ ಸರಿಯಾಗಿ ಹೋಗಿ ನೋಡಿದೆ. ಅದಕ್ಕಿಂತ ಎರಡು ವಚನ ಹಿಂದೆ, ಏನು ಪ್ರಾರ್ಥನೆ ಮಾಡ್ಬೇಕು ಅಂತಲೇ ನಮಗೆ ಗೊತ್ತಿಲ್ಲ, ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗೋಸ್ಕರ ಬೇಡ್ಕೋತಾನೆ ಅಂತಿದೆ. ಆ ಮನೇಲಿ ಮೊದಲು ನರಳಾಟ, ಆಮೇಲೆ 28. ನಾನು ಹಿಂದಿನ ಬಾಗಿಲಿಂದ ಹಾರಿ ಬಂದಿದ್ದೆ. ಸೈತಾನನಿಗೂ ವಚನ ಚೆನ್ನಾಗಿ ಬರತ್ತೆ, ಮತ್ತಾಯ 4ರಲ್ಲಿ ಯೇಸುವನ್ನ ದೇವಾಲಯದ ತುದಿಗೆ ನಿಲ್ಲಿಸಿ ಕೀರ್ತನೆ 91ನ್ನೇ ಹೇಳಿದ, ದೂತರು ಎತ್ಕೋತಾರೆ ಹಾರು ಅಂತ. ಯೇಸು ಇನ್ನೊಂದು ವಚನದಿಂದಲೇ ಅದನ್ನ ನಿಲ್ಲಿಸಿದ. ವಚನಕ್ಕೆ ವಚನ ಪಕ್ಕದಲ್ಲಿಟ್ಟು ಓದೋದು ಅಂದ್ರೆ ಅದು.

ನಾಳೆಯಿಂದ ಏನು ಅಂದ್ರೆ, ದಿನದ ವಾಕ್ಯ ಬರ್ಲಿ ಬಿಡಿ, ನಿಲ್ಲಿಸ್ಬೇಡಿ. ಬಂದ ತಕ್ಷಣ ಹಂಚೋದನ್ನ ಒಂದು ತಿಂಗಳು ನಿಲ್ಲಿಸಿ. ಆ ಅಧ್ಯಾಯ ತೆರೆದು ಹಿಂದೆ ಹತ್ತು ಮುಂದೆ ಹತ್ತು ವಚನ ಓದಿ, ಟೈಮ್ ಇಲ್ಲದ ದಿನ ಹಿಂದಿಂದು ಮಾತ್ರ ಸಾಕು. ಈ ವಾರಕ್ಕೆ ಕೀರ್ತನೆ 13 ಅಥವಾ 23, ಯಾವುದು ನಿಮ್ಮ ಬಾಯಿಗೆ ಸತ್ಯ ಅನಿಸತ್ತೋ ಅದು. ಭಾನುವಾರ ಫಿಲಿಪ್ಪಿಯವರಿಗೆ ಬರೆದ ಪತ್ರ ಒಂದೇ ಕೂತಲ್ಲಿ ಜೋರಾಗಿ ಓದಿ, ಅಮ್ಮನ ಮಂಚದ ಪಕ್ಕ ಕೂತು ಓದಿದ್ರೆ ಇಬ್ಬರಿಗೂ ಆಯ್ತು. ಮಧ್ಯದಲ್ಲಿ ಅಮ್ಮ ನಿದ್ದೆ ಹೋದ್ರೆ ಹೋಗ್ಲಿ.

ಶುಕ್ರವಾರದ ವಿಷಯ, ಆ ಆಫೀಸಿಗೆ ಫೋನ್ ಮಾಡಿ ಅಮ್ಮನ ಆರೋಗ್ಯದ ಕಾರಣ ಇದ್ದಿದ್ದು ಇದ್ದ ಹಾಗೆ ಹೇಳಿ, ಇನ್ನೊಂದು ವಾರ ಟೈಮ್ ಕೇಳಿ, ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡೋಕೆ ಆಗತ್ತಾ ಅಂತಾನೂ ಕೇಳಿ. ಕೇಳೋಕೆ ಮುಂಚೆ ಅಮ್ಮನ ಹತ್ರ ಮಾತಾಡಿರಿ. ಅವರೇನಂದ್ರು ಅಂತ ನನಗೂ ಬರೀರಿ.